ಮೇಲಿನ ತುಟಿ, ಕೆಳಗಿನ ತುಟಿ

ಮಕ್ಕಳೇ, ನಾಲ್ಕು ಮಂದಿಯ ಮುಂದೆ ಮಾತಾಡುವುದು ನನಗೆ ಆಗುವುದಿಲ್ಲ ಎಂಬುದು ನಿಮಗೆ ಗೊತ್ತು. ನೀವೆಲ್ಲ ಸುತ್ತ ಕೂತು "ಆಯಿ, ನಿನ್ನ ಕೆಲಸದ್ದೊಂದು ಕಥಿ ಹೇಳು" ಎಂದರೂ ನಾನು ಒಲೆಯ ಕಡೆ ಮುಖ ತಿರುಗಿಸುತ್ತೇನೆ. ಬರೆಯುವುದಾದರೆ ಅಷ್ಟು ನಾಚಿಕೆಯಾಗುವುದಿಲ್ಲ. ಮೊನ್ನೆ ನಿಮ್ಮೊಳಗಿನ ದೊಡ್ಡವಳು ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಿದ್ದಳು: ದೇಹ ಬೆಳೆಯುವಾಗ ಯಾವ ಜೀನ್ ಯಾವಾಗ ಕೆಲಸ ಶುರುಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವ ಪ್ರೋಟೀನ್‌ಗಳಿರುತ್ತವೆ, ಅವು ಕುಟುಂಬ ಕುಟುಂಬವಾಗಿ ಇರುತ್ತವೆ ಎಂದು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಅಂಥ ಒಂದು ಪ್ರೋಟೀನಿನ ಹಿಂದೆ ನಾನು ಒಂದು ಚಳಿಗಾಲವೆಲ್ಲ ಓಡಾಡಿದ್ದೇನೆ. ಅದನ್ನೇ ಬರೆಯುತ್ತೇನೆ. ಜನರ ಹೆಸರು ಹಾಕುವುದಿಲ್ಲ, ಅದು ಅವರ ಮನೆಯ ಮಾತು.

ಆಗ ನಾನು ಹಳಿಯಾಳದ ಕಡೆಯ ನಮ್ಮ ಊರಿನಲ್ಲಿ ಆಶಾ ಕಾರ್ಯಕರ್ತೆಯಾಗಿ ಕೆಲಸ ಮಾಡುತ್ತಿದ್ದೆ. ಮೇಲಿನ ಓಣಿಯ ಒಂದು ಒಕ್ಕಲುತನದ ಮನೆಯಲ್ಲಿ ಸೊಸೆ ಮೊದಲ ಬಸುರಿಯಾಗಿದ್ದಳು. ಮೊದಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ಪದ್ಧತಿ. ಆದರೆ ಆಕೆಯ ತವರು ಕ್ಯಾಸಲ್‌ರಾಕ್. ತಂದೆ ಅಲ್ಲಿ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದಲ್ಲಿದ್ದ. ಕಾಡಿನ ಊರು, ದೊಡ್ಡ ದವಾಖಾನೆ ದೂರ. ಅದಕ್ಕೆ ನಾನೇ ಎರಡೂ ಕಡೆಯವರಿಗೆ ಹೇಳಿ ಆಕೆಯನ್ನು ಇಲ್ಲೇ ಉಳಿಸಿದ್ದೆ. ಗಂಡ ಕಬ್ಬಿನ ಲಾರಿ ಓಡಿಸುತ್ತಿದ್ದ, ದಾಂಡೇಲಿಯ ಅಂಬೇವಾಡಿಯಲ್ಲಿ ಕೋಣೆ ಮಾಡಿಕೊಂಡಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

ಹಳಿಯಾಳದ ಸರಕಾರಿ ದವಾಖಾನೆಯಲ್ಲಿ ಬೆಳಗಿನ ಜಾವ ಹೆರಿಗೆಯಾಯಿತು. ಕೂಸನ್ನು ಎತ್ತಿಕೊಂಡ ನರ್ಸಮ್ಮ ತಾಯಿಯ ಕಡೆ ನೋಡದೆ ನನ್ನ ಕಡೆ ನೋಡಿದರು. ಗಂಡು ಕೂಸು. ಮೇಲಿನ ತುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು. ಬಾಯಿ ತೆರೆದು ಅತ್ತಾಗ ಒಳಗೆ ಅಂಗುಳವೂ ಕೂಡಿಲ್ಲದ್ದು ಕಾಣಿಸಿತು.

ಅತ್ತೆ ಕೂಸನ್ನು ಸೆರಗಿನಲ್ಲಿ ಇಸಿದುಕೊಂಡಳು. ಮೊದಲು ಆಕೆಯ ಕಣ್ಣು ಬಿದ್ದದ್ದು ಕೆಳಗಿನ ತುಟಿಯ ಮೇಲೆ. ಅಲ್ಲಿ ನಡುವಿನ ಗೆರೆಯ ಆಚೀಚೆ, ದಬ್ಬಣದ ಮೊನೆಯಿಂದ ಒತ್ತಿದಂತೆ ಎರಡು ಸಣ್ಣ ಗುಳಿಗಳಿದ್ದವು. "ನಮ್ಮ ತವರಿನ ಗುಳಿ ಬಂದಾವ ನೋಡು ತಂಗಿ" ಎಂದಳು. ಆಮೇಲೆ ಮೇಲಿನ ತುಟಿಗೆ ಸೆರಗು ಮುಚ್ಚಿ ಗೋಡೆಯ ಕಡೆ ತಿರುಗಿ ಅತ್ತಳು.

ಆ ಗುಳಿಯ ವಿಷಯ ಹೇಳಬೇಕು. ಅತ್ತೆಯ ತವರು ಮುಂಡಗೋಡ ತಾಲೂಕಿನ ಅತ್ತಿವೇರಿಯ ಹತ್ತಿರ. ಆ ಮನೆತನದಲ್ಲಿ ಬಹಳ ಜನರಿಗೆ ಕೆಳದುಟಿಯಲ್ಲಿ ಇಂಥ ಗುಳಿಗಳಿದ್ದವು. ಕೆಲವೊಮ್ಮೆ ಅವುಗಳಲ್ಲಿ ಒಂದು ಹನಿ ನೀರು ಒಸರುತ್ತಿತ್ತು. ಅದನ್ನು ಅವರು ಜೇನು ಅನ್ನುತ್ತಿದ್ದರು. ಗುಳಿ ಇದ್ದವರ ಮಾತು ಸಿಹಿ, ಗುಳಿ ಇದ್ದವಳು ಕಾಲಿಟ್ಟ ಮನೆ ಏಳಿಗೆ ಆಗುತ್ತದೆ ಎಂದು ನಂಬಿಕೆ. ಅತ್ತೆಯನ್ನು ನೋಡಲು ಬಂದಾಗ ಆಕೆಯ ಮಾವ ಬೇರೇನೂ ಕೇಳದೆ ತುಟಿ ನೋಡಿ ವೀಳ್ಯ ಕೊಟ್ಟನಂತೆ. ಲಾರಿ ಓಡಿಸುವ ಮಗನಿಗೂ ಒಂದು ಗುಳಿ ಇತ್ತು.

ಹೀಗಾಗಿ ಆ ಕೂಸಿನ ಒಂದೇ ಮುಖದಲ್ಲಿ ಎರಡು ಲೆಕ್ಕವಾಯಿತು. ಕೆಳಗಿನ ತುಟಿ ಅತ್ತೆಯ ತವರಿನ ಭಾಗ್ಯ. ಮೇಲಿನ ತುಟಿ ಸೊಸೆಯ ತಪ್ಪು.

ತಪ್ಪು ಯಾವುದೆಂದರೆ ಗ್ರಹಣ. ಸೊಸೆಗೆ ಏಳನೆಯ ತಿಂಗಳಲ್ಲಿ, ಸೀಮಂತದ ಕುಬಸ ಮಾಡಿದ ಮೇಲೆ, ಒಂದು ಗ್ರಹಣ ಬಂದಿತ್ತು. ಬಸುರಿ ಆ ಹೊತ್ತಿನಲ್ಲಿ ಏನಾದರೂ ಕೊಯ್ದರೆ, ಹರಿದರೆ ಕೂಸಿನ ತುಟಿ ಹರಿಯುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅತ್ತೆ ಆ ದಿನ ಸೊಸೆಯನ್ನು ಕತ್ತಲೆಕೋಣೆಯಲ್ಲಿ ಚಾಪೆಯ ಮೇಲೆ ನೆಟ್ಟಗೆ ಮಲಗಿಸಿ, ಕಿಟಕಿಗೆ ಗೋಣಿತಾಟು ಹಾಕಿ, ಈಳಿಗೆ, ಸೂಜಿ, ಕಸಬರಿಗೆ ಎಲ್ಲ ಹೊರಗೆ ತಂದಿಟ್ಟು, ಗ್ರಹಣ ಬಿಡುವವರೆಗೆ ಹೊಸ್ತಿಲಲ್ಲೇ ಕೂತಿದ್ದಳು. ಅಷ್ಟು ಕಾದರೂ ತುಟಿ ಹರಿದಿತ್ತು.

"ನಾ ಬಾಗಲಾ ಕಾದೀನಿ. ಒಳಗ ಏನ ಹರದಿ ಹೇಳು" ಎಂದು ಆಕೆ ಬಾಣಂತಿಯನ್ನು ಕೇಳುತ್ತಿದ್ದಳು.

"ಏನೂ ಹರದಿಲ್ರೀ ಅತ್ತಿ."

"ಉಗುರರೆ ಕಚ್ಚಿರಬೇಕು."

"ಇಲ್ರೀ."

"ಮತ್ತ ತುಟಿ ತಾನ ಹರೀತೇನು? ಗ್ರಹಣ ಸುಳ್ಳ ಹೇಳತೈತೋ, ನೀ ಸುಳ್ಳ ಹೇಳತೀಯೋ?"

ಸೊಸೆ ಕೂಸನ್ನೆತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಗ್ರಹಣದಿಂದ ಅಲ್ಲ ಎಂದು ತರಬೇತಿಯಲ್ಲಿ ನಮಗೆ ಹೇಳಿದ್ದರು. ಆದರೆ ಮತ್ತೆ ಯಾವುದರಿಂದ ಎಂದು ಕೇಳಿದರೆ ಹೇಳುವಷ್ಟು ನನಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿದ್ದ ಕೆಲಸ ಹಾಲು ಕುಡಿಸುವುದು. ಅಂಗುಳ ಕೂಡದ ಕೂಸು ಮೊಲೆ ಚೀಪಲಾರದು, ಬಾಯಲ್ಲಿ ಎಳೆತ ಹುಟ್ಟುವುದಿಲ್ಲ. ನರ್ಸಮ್ಮ ನಮಗೆ ಮಾಡಿ ತೋರಿಸಿದರು. ತಾಯಿ ಕೈ ತೊಳೆದುಕೊಂಡು, ಕುದಿಸಿದ ಸ್ಟೀಲಿನ ಬಟ್ಟಲಿಗೆ ಎದೆಹಾಲು ಹಿಂಡಬೇಕು. ಕೂಸನ್ನು ಮಲಗಿಸಬಾರದು, ತೊಡೆಯ ಮೇಲೆ ನೆಟ್ಟಗೆ ಕೂಡಿಸಿದಂತೆ ಹಿಡಿದು, ತಲೆಗೆ ಅಂಗೈ ಆಸರೆ ಕೊಡಬೇಕು. ಉದ್ದ ಮೂತಿಯ ಒಳಲೆಯನ್ನು ಸೀಳಿಲ್ಲದ ಬದಿಯಿಂದ ಕೆನ್ನೆಯ ಒಳಗೆ ಇಟ್ಟು, ತುಸುವೇ ಹಾಲು ಬಿಟ್ಟು, ನುಂಗುವುದು ಕಣ್ಣಿಗೆ ಕಂಡ ಮೇಲೆ ಮತ್ತೆ ತುಸು. ನಡುನಡುವೆ ಹೆಗಲಿಗೆ ಹಾಕಿಕೊಂಡು ತೇಗು ತೆಗೆಯಬೇಕು. ಒಂದು ಹೊತ್ತಿನ ಹಾಲು ಮುಗಿಯುವಷ್ಟರಲ್ಲಿ ಕೂತವರ ಸೊಂಟ ಹಿಡಿಯುತ್ತಿತ್ತು. ಅಷ್ಟರಲ್ಲಿ ಮುಂದಿನ ಹೊತ್ತು ಬರುತ್ತಿತ್ತು.

ತುಟಿಯ ಆಪರೇಶನ್ ಧಾರವಾಡದಲ್ಲಿ ಮಾಡುತ್ತಾರೆ, ಅದಕ್ಕೆ ಕೂಸು ಐದು ಕಿಲೋದ ಹತ್ತಿರ ಬರಬೇಕು, ರಕ್ತ ಚೆನ್ನಾಗಿರಬೇಕು, ಕೆಮ್ಮು ನೆಗಡಿ ಇರಬಾರದು ಎಂದು ಹೇಳಿ ಕಳಿಸಿದರು. ನಮ್ಮ ಮುಂದಿದ್ದ ಕೆಲಸ ಇಷ್ಟೇ: ಕೂಸನ್ನು ಅಲ್ಲಿಯವರೆಗೆ ಮುಟ್ಟಿಸುವುದು.

ಮೊದಲ ಕೆಲವು ವಾರ ತೂಕ ಏರಿತು. ತೂಗುತಕ್ಕಡಿಯ ಜೋಳಿಗೆಯಲ್ಲಿ ಕೂಸನ್ನು ಹಾಕಿ ಮುಳ್ಳು ನೋಡುವಾಗ ಸೊಸೆಯೂ ಬಗ್ಗಿ ನೋಡುತ್ತಿದ್ದಳು. ಆಮೇಲೆ ಮುಳ್ಳು ಒಂದೇ ಕಡೆ ನಿಂತಿತು. ಕಾರಣ ಹುಡುಕಿದೆ. ಬೋರಿನ ಹತ್ತಿರ ನೀರಿಗೆ ಹೋದರೆ ಹೆಂಗಸರು ಸೊಸೆಯನ್ನು ಬಿಡುತ್ತಿರಲಿಲ್ಲ. "ಏನವಾ, ಗ್ರಹಣದಾಗ ಮಾವಿನಕಾಯಿ ಹೆಚ್ಚಿದ್ದೇನು? ಬಾಯಿ ಚಪಲಾ ತಡೀಲಿಲ್ಲೇನು?" ಎಂದು ನಗುತ್ತಿದ್ದರು. ಆಕೆ ಮನೆಗೆ ಬಂದು ತಾಟಿನ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಉಣ್ಣದ, ನಿದ್ದೆಯಿಲ್ಲದ ತಾಯಿಯ ಎದೆಯಲ್ಲಿ ಹಾಲು ಕಡಿಮೆಯಾಯಿತು. ಮುಂಚೆ ಬಟ್ಟಲು ತುಂಬುತ್ತಿದ್ದದ್ದು ಈಗ ತಳ ಮುಚ್ಚುತ್ತಿತ್ತು.

ಇನ್ನೊಂದು ಕಾರಣ ನಂತರ ತಿಳಿಯಿತು. ಸೊಸೆ ಬಚ್ಚಲಿಗೆ ಹೋದಾಗ ಅತ್ತೆ ಕೂಸಿಗೆ ತಾನು ಹಾಲು ಹಾಕುತ್ತಿದ್ದಳು. ಪ್ರೀತಿಯಿಂದಲೇ. ಆದರೆ ನಮ್ಮ ಹಳೆಯ ರೀತಿಯಲ್ಲಿ: ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಒಳಲೆಯಿಂದ ಸೀದಾ ಗಂಟಲಿಗೆ. ನಿಮ್ಮಪ್ಪನನ್ನು ನಾನೂ ಹಾಗೇ ಸಾಕಿದ್ದೇನೆ, ಅಂಗುಳ ಸರಿಯಿದ್ದ ಕೂಸಿಗೆ ಅದರಿಂದ ಏನೂ ಆಗುವುದಿಲ್ಲ. ಅಂಗುಳವಿಲ್ಲದ ಕೂಸಿಗೆ ಮಾತ್ರ ಆ ಹಾಲು ಮೂಗಿಗೆ ಏರುತ್ತದೆ, ಎದೆಗೂ ಇಳಿಯುತ್ತದೆ. ಒಂದು ದಿನ ನಾನು ಹೋದಾಗ ಕೂಸಿನ ಪಕ್ಕೆಲುಬು ಒಳಕ್ಕೆ ಎಳೆಯುತ್ತಿತ್ತು. ಸಿಕ್ಕ ಗಾಡಿಯಲ್ಲಿ ಹಳಿಯಾಳಕ್ಕೆ ಓಡಿದೆವು. ಎದೆಯಲ್ಲಿ ಕಫ ಕಟ್ಟಿದೆ ಎಂದು ಸೇರಿಸಿಕೊಂಡರು. ಉಳಿಯಿತು. ಆದರೆ ಗಳಿಸಿದ ತೂಕವನ್ನೆಲ್ಲ ಕಳೆದುಕೊಂಡು ಮನೆಗೆ ಬಂತು.

ಆ ದಿನ ಅತ್ತೆ ನಿರ್ಧಾರ ಮಾಡಿದಳು. "ಈ ಕೂಸು ನನ್ನ ಮನ್ಯಾಗ ಉಳಿಯೂದಿಲ್ಲ ತಂಗಿ. ಅದು ಹೋಗೂದು ನನ್ನ ಕಣ್ಣಿಲೆ ನೋಡಾಕ ನನ್ನ ಕಡಿಂದ ಆಗೂದಿಲ್ಲ. ತಾಯಿ ಕೂಸು ಇಬ್ಬರೂ ಕ್ಯಾಸಲ್‌ರಾಕಿಗೆ ಹೋಗಲಿ. ಏನಾಗೂದೈತಿ ಅಲ್ಲೇ ಆಗಲಿ."

ಅಲ್ಲಿಗೆ ಹೋದರೆ ಏನಾಗುತ್ತದೆ ಎಂದು ನನಗೆ ಕಾಣುತ್ತಿತ್ತು. ಇನ್ನೊಂದು ಸಲ ಹಾಲು ಎದೆಗೆ ಇಳಿದರೆ, ಆ ಕಾಡಿನಿಂದ ದವಾಖಾನೆ ಮುಟ್ಟುವಷ್ಟರಲ್ಲಿ ಕೂಸು ಇರುವುದಿಲ್ಲ. ನಾನು ಬೇಡಿಕೊಂಡೆ. ಧಾರವಾಡದ ಡಾಕ್ಟರಿಗೆ ಒಮ್ಮೆ ತೋರಿಸಿ ಬರುವವರೆಗೆ ತಡೆಯಿರಿ ಎಂದೆ. ಆಕೆ ಒಪ್ಪಿದಳು, ಮುಖ ಕೊಡದೆ.

ಧಾರವಾಡಕ್ಕೆ ನಾನು, ಸೊಸೆ, ಆಕೆಯ ಗಂಡ ಹೋದೆವು. ಸೀಳುತುಟಿಯ ಕೂಸುಗಳನ್ನು ನೋಡುವ ದಿನ ಅದು. ತೂಕ ನೋಡಿದ ಮೇಲೆ, ಹುಟ್ಟಿನಿಂದ ಬರುವ ತೊಂದರೆಗಳನ್ನು ನೋಡುವ ಒಬ್ಬ ಡಾಕ್ಟರಮ್ಮನ ಕಡೆ ಕಳಿಸಿದರು. ಸಣ್ಣ ವಯಸ್ಸಿನವರು, ಧಾರವಾಡದವರೇ. ಅವರು ಮೇಲಿನ ತುಟಿಯನ್ನು ಬೇಗ ನೋಡಿ ಮುಗಿಸಿದರು. ಕೆಳಗಿನ ತುಟಿಯನ್ನು ಬಹಳ ಹೊತ್ತು ನೋಡಿದರು.

"ಈ ಗುಳಿ ಮನ್ಯಾಗ ಮತ್ತ್ಯಾರಿಗೆ ಅದಾವರೀ?"

ಗಂಡ ತನ್ನ ತುಟಿ ಮುಂದೆ ಮಾಡಿ ತೋರಿಸಿದ. "ನನಗ ಒಂದು. ಅವ್ವಗ ಎರಡೂ. ಅವ್ವನ ತವರಾಗ ಭಾಳ ಮಂದಿಗೆ ಅದಾವರಿ. ಅದು ಛಲೋ ಗುರುತರಿ."

ಡಾಕ್ಟರಮ್ಮ ನಗಲಿಲ್ಲ. ಒಂದು ಹಾಳೆ ತೆಗೆದು ಮುಖದ ಚಿತ್ರ ಬರೆದರು. ಹೊಟ್ಟೆಯಲ್ಲಿ ಮುಖ ಒಂದೇ ತುಂಡಾಗಿ ಹುಟ್ಟುವುದಿಲ್ಲ, ಆಚೆಯಿಂದ ಈಚೆಯಿಂದ ತುಂಡುಗಳು ಬೆಳೆದು ಬಂದು ನಡುವೆ ಕೂಡುತ್ತವೆ ಎಂದರು. ಕೂಡುವ ಜಾಗದಲ್ಲಿ ಮೇಲಿನ ತೊಗಲು ಹದವಾಗಿರಬೇಕು, ಬೇಕಾದಲ್ಲಿ ಅಂಟಿಕೊಳ್ಳಬೇಕು, ಬೇಡದಲ್ಲಿ ಅಂಟಬಾರದು. ಆ ಹದ ನೋಡುವ ಜೀನ್‌ಗಳಿಗೆ 'ಈಗ ಶುರುಮಾಡಿ' ಎಂದು ಹೇಳುವ ಒಂದು ಪ್ರೋಟೀನ್ ಇದೆ. ಅದು ಒಂದು ಕುಟುಂಬದ್ದು, ಒಂಬತ್ತು ಜನ ಒಡಹುಟ್ಟಿದವರಿದ್ದಂತೆ. ಉಳಿದವು ಹೆಚ್ಚಾಗಿ ರೋಗಗಳ ವಿರುದ್ಧ ಕಾವಲಿನ ಕೆಲಸ ನೋಡುತ್ತವೆ. ಆರನೆಯದು ಮಾತ್ರ ತೊಗಲು, ತುಟಿ, ಅಂಗುಳದ ಕೆಲಸಕ್ಕೆ ನಿಂತಿದೆ.

ಗಂಡ ತಲೆ ಕೆರೆದುಕೊಂಡ. "ಅಂದ್ರ ಮುಕಾದಮ ಇದ್ದಂಗರೀ? ಕಬ್ಬಿನ ಗ್ಯಾಂಗಿಗೆ ಇರ್ತಾನಲ್ಲ. ತಾ ಒಂದು ಕಬ್ಬು ಕಡ್ಯಾಂಗಿಲ್ಲ. ಆದ್ರ ಆಂವ ಕೂಗಲಿಲ್ಲಂದ್ರ ಯಾರೂ ಕುಡಗೋಲ ಎತ್ತಂಗಿಲ್ಲ."

"ಹಂಗ ಅನ್ರಿ. ಎಲ್ಲಾರಿಗೂ ಈ ಮುಕಾದಮರು ಇಬ್ಬರಿರ್ತಾರ, ಒಬ್ಬಾಂವ ತಾಯಿ ಕಡಿಂದ, ಒಬ್ಬಾಂವ ತಂದಿ ಕಡಿಂದ. ನಿಮ್ಮ ಮನಿತನದಾಗ ಒಬ್ಬಾಂವನ ದನಿ ಬಿದ್ದೈತಿ ಅಂತ ನನಗ ಅನಸ್ತದ. ಒಬ್ಬನ ಕೂಗಿನ ಮ್ಯಾಲ ಕೆಲಸ ನಡೀಬೇಕು. ಕೆಲವರೊಳಗ ಬರೇ ಗುಳಿ ಉಳೀತಾವ. ಕೆಲವರೊಳಗ ತುಟಿನ ಕೂಡೂದಿಲ್ಲ. ಕಾರಣ ಒಂದ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸೊಸೆಗೆ ನನಗಿಂತ ಮೊದಲು ಅರ್ಥವಾಯಿತು. ಆಕೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು: "ಏಳನೇ ತಿಂಗಳದಾಗ ಗ್ರಹಣ ಇತ್ತರಿ."

"ಏಳನೇ ತಿಂಗಳ? ಅಷ್ಟೊತ್ತಿಗೆ ಕೂಸಿನ ಮುಖ ಯಾವಾಗೋ ಆಗಿ ಹೋಗಿರ್ತದ. ತುಟಿ, ಅಂಗುಳ ಕೂಡೂದು ಮೂರು ತಿಂಗಳೊಳಗ ಮುಗೀತದರೀ."

ಸೊಸೆ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು. ಹೆರಿಗೆಯಾದಾಗಿನಿಂದ ಆಕೆ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ಕೂಸಿನ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ಸಲ ಅಜ್ಜಿಯನ್ನೂ ಕರೆತನ್ನಿ, ಬಲವಂತ ಮಾಡಬೇಡಿ, ಬಂದರೆ ನಾನೇ ಹೇಳುತ್ತೇನೆ ಎಂದರು ಡಾಕ್ಟರಮ್ಮ.

ವಾಪಸ್ ಬರುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೂ ನನ್ನನ್ನು ನಡುವೆ ಹಾಕಿಕೊಂಡು ಜಗಳವಾಡಿದರು. "ಅಕ್ಕಾರ, ನಾಳೆ ಮುಂಜಾನೆ ಬೋರಿನ ಮುಂದ ನಿಂತು ಹೇಳ್ರಿ. ಯಾರಿಂದ ಬಂದೈತಿ ಅಂತ ಊರಿಗೆಲ್ಲಾ ಗೊತ್ತಾಗಲಿ" ಎಂದಳು ಸೊಸೆ. "ಅವ್ವಗ ಏನೂ ಹೇಳಬ್ಯಾಡ್ರಿ ಅಕ್ಕಾರ. ಆಕಿ ತಾಳೂದಿಲ್ಲ. ಆ ಗುಳಿ ಮ್ಯಾಲ ಆಕಿ ಜೀವಾ ಇಟ್ಟಾಳ" ಎಂದ ಮಗ. "ಹೌದು, ನಾ ತಾಳತೀನಲ್ಲ, ನನ್ನ ಜೀವಾ ಕಲ್ಲಿಂದು!" ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಸುಮ್ಮನಿದ್ದರೆ ಸೊಸೆ ಕ್ಯಾಸಲ್‌ರಾಕಿಗೆ ಹೋಗಬೇಕು, ಕೂಸು ಕೈ ಬಿಡುತ್ತದೆ. ಬೋರಿನ ಮುಂದೆ ಹೇಳಿದರೆ, ಇಷ್ಟು ದಿನ ಸೊಸೆಯ ತಲೆಯ ಮೇಲಿದ್ದ ಹೊರೆಯನ್ನು ಅತ್ತೆಯ ತಲೆಗೆ ದಾಟಿಸಿದಂತೆ. ಹೊರೆ ಇಳಿದಂತಲ್ಲ. ಆ ಮನೆಯಲ್ಲಿ ಕೂಸಿಗೆ ನಾಲ್ಕು ಕೈ ಬೇಕಿತ್ತು. ಎರಡು ಕೈ ಮುರಿದು ಎರಡು ಕೈ ಉಳಿಸಿಕೊಂಡರೆ ಆಗದು. ಅಳ್ನಾವರ ಕ್ರಾಸ್ ಬರುವಷ್ಟರಲ್ಲಿ ನಾನು ನಿರ್ಧಾರ ಮಾಡಿದ್ದೆ: ಸುಳ್ಳು ಹೇಳುವುದಿಲ್ಲ, ಸಭೆಯಲ್ಲಿ ಹೇಳುವುದಿಲ್ಲ, ಆಕೆಯೊಬ್ಬಳಿಗೇ ಹೇಳುತ್ತೇನೆ.

ಮರುದಿನ ಅತ್ತೆ ಎಮ್ಮೆ ಹಿಂಡುವ ಹೊತ್ತಿಗೆ ಕೊಟ್ಟಿಗೆಗೆ ಹೋದೆ. ಆಕೆ ಎಮ್ಮೆಯ ಕಡೆ ಮುಖ ಮಾಡಿದ್ದು ನನ್ನ ಪುಣ್ಯ.

"ಅಕ್ಕಾ, ಬರೂ ವಾರ ಧಾರವಾಡಕ್ಕ ನೀವು ಬರಬೇಕು."

"ನನ್ನ ಕೆಲಸೇನು ಅಲ್ಲಿ? ತಾಯಿ ಅದಾಳ, ತಂದಿ ಅದಾನ."

"ಗುಳಿ ಇದ್ದಾವರನ್ನ ನೋಡಬೇಕಂತ ಡಾಕ್ಟರು ಹೇಳ್ಯಾರ."

ಹಾಲಿನ ಸದ್ದು ನಿಂತಿತು. "ಗುಳಿ ಯಾಕ?"

"ಕೂಸಿನ ಮ್ಯಾಲಿನ ತುಟಿಗೂ ಕೆಳಗಿನ ತುಟಿಗೂ ಸಂಬಂಧ ಐತಿ ಅಂತಾರ. ನನಗ ಪೂರ್ತಿ ಹೇಳಾಕ ಬರೂದಿಲ್ಲ. ಅವರ ಬಾಯಿಂದ ಕೇಳ್ರಿ. ಒಂದು ಮಾತು ನಾ ಕೊಡ್ತೀನಿ ಅಕ್ಕಾ, ನಿಮ್ಮನ್ನ ಬೈಯಾಕ ಕರೀವಲ್ರು. ಅಲ್ಲೀತನಕ ಆ ಹುಡುಗಿನ್ನ ತವರಿಗೆ ಕಳಸಬ್ಯಾಡ್ರಿ."

ಆಕೆ ಮತ್ತೆ ಹಿಂಡಲು ಶುರುಮಾಡಿದಳು. ಚರಿಗೆ ತುಂಬಿತು. ಎದ್ದು ನಿಂತು, "ಬಸ್ ಎಷ್ಟಕ್ಕ?" ಎಂದಳು.

ಆ ಸಲ ಕೋಣೆಯಲ್ಲಿ ಡಾಕ್ಟರಮ್ಮ, ಅತ್ತೆ, ಸೊಸೆ, ನಾನು ಇದ್ದೆವು. ಡಾಕ್ಟರಮ್ಮ ಅನುಮತಿ ಕೇಳಿ ಆಕೆಯ ಕೆಳದುಟಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಅದೇ ಹಾಳೆ, ಅದೇ ಚಿತ್ರ, ಅದೇ ಮುಕಾದಮ. ಇನ್ನೊಂದು ಮಾತನ್ನೂ ಸೇರಿಸಿದರು: "ಇದು ನೀವು ಕೊಟ್ಟದ್ದಲ್ಲರೀ, ನಿಮ್ಮ ಕಡಿಂದ ಬಂದದ್ದು. ಗುಳಿ ನೀವು ಬೇಡಿ ತಗೊಂಡೀರೇನು? ಹಂಗ ಇದೂ. ನೀವು ಏನೂ ಮಾಡಿಲ್ಲ, ನಿಮ್ಮ ಸೊಸೀನೂ ಏನೂ ಮಾಡಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅತ್ತೆ ಚಿತ್ರವನ್ನೇ ನೋಡುತ್ತ ಕೂತಳು. ಆಕೆ ಸಿಟ್ಟಾಗುತ್ತಾಳೆ, ಎದ್ದು ಹೋಗುತ್ತಾಳೆ ಎಂದು ನಾನು ಕಾದೆ. ಸೊಸೆಯೂ ಹಾಗೇ ಕಾದಂತಿತ್ತು, ಕೂಸನ್ನು ಬಿಗಿಯಾಗಿ ಹಿಡಿದಿದ್ದಳು.

"ಎಮ್ಮಿಗೆ ಹುಲ್ಲು ಕೊಯ್ದರ?" ಎಂದಳು ಅತ್ತೆ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ನನ್ನ ಮೊದಲನೇದು ಹೆಣ್ಣುಕೂಸರಿ. ನನ್ನ ಮಗಾ ಹುಟ್ಟೂಕಿಂತ ಮುಂಚೆ. ಹಿಂಗ ಇತ್ತು ತುಟಿ. ಹಾಲು ಮೂಗಿನ್ಯಾಗ ಬರತಿತ್ತು. ಒಂದು ತಿಂಗಳ ಬದುಕಲಿಲ್ಲ. ಗ್ರಹಣ ಇದ್ದದ್ದು ನನಗ ಗೊತ್ತಿರಲಿಲ್ಲರಿ, ಹೊಲದಾಗ ಇದ್ನಿ, ಎಮ್ಮಿಗೆ ಹುಲ್ಲು ಕೊಯ್ದ್ನಿ. ಕುಡಗೋಲ ನನ್ನ ಕೈಯಾಗಿತ್ತು. ಕೂಸಿನ್ನ ನೀನ ಕೊಂದಿ ಅಂದ್ರು ನಮ್ಮತ್ತಿ. ನಾನೂ ಹೌದಂದ್ನಿ." ಆಕೆ ಕತ್ತೆತ್ತಿ ಡಾಕ್ಟರಮ್ಮನನ್ನು ನೋಡಿದಳು. "ಹುಲ್ಲು ಕೊಯ್ದದ್ದಕ್ಕ ಅಲ್ಲ?"

"ಅಲ್ಲರೀ ಅವ್ವಾ."

"ಖರೇನ ಅಲ್ಲ?"

"ಖರೇನ ಅಲ್ಲ."

ಮಕ್ಕಳೇ, ಆಗ ನನಗೆ ಆ ಹೊಸ್ತಿಲು ಅರ್ಥವಾಯಿತು. ಸೊಸೆಯನ್ನು ಕತ್ತಲೆಯಲ್ಲಿ ಮಲಗಿಸಿ ನೀರೂ ಕುಡಿಯದೆ ಬಾಗಿಲು ಕಾದದ್ದು ಜೋರು ಮಾಡುವ ಅತ್ತೆಯಲ್ಲ, ಒಂದು ಕೂಸನ್ನು ಕಳೆದುಕೊಂಡ ತಾಯಿ.

ಬೋರಿನ ಮುಂದೆ ಹೇಳಿಸಬೇಕೆಂದಿದ್ದ ಸೊಸೆ ಕೂಸಿನ ಮುಖ ನೋಡಿದಳು. ಕೂಸಿಗೆ ಹಾಲಿನ ಹೊತ್ತಾಗಿತ್ತು. ಆಕೆ ಎದ್ದು ಹೋಗಿ ಕೂಸನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು. "ಮಲಗಿಸಬ್ಯಾಡ್ರಿ ಅತ್ತಿ. ಹಿಂಗ, ಕೂಡಿಸಿದಂಗ ಹಿಡೀರಿ. ತಲಿಗೆ ಕೈ ಕೊಡ್ರಿ" ಎಂದು ಬಟ್ಟಲು, ಒಳಲೆ ಕೈಗೆ ಕೊಟ್ಟಳು. ಮೊದಲ ಹಾಲು ಗದ್ದದ ಮೇಲೆ ಚೆಲ್ಲಿತು. ಡಾಕ್ಟರಮ್ಮ ಹೊರಗೆ ಕಾಯುತ್ತಿದ್ದವರಿಗೆ ಇನ್ನಷ್ಟು ತಡೆಯಿರಿ ಎಂದು ಹೇಳಿ ಕಳಿಸಿದರು. ಆ ಉಪಕಾರವನ್ನು ನಾನು ಮರೆತಿಲ್ಲ. ಬಟ್ಟಲು ಮುಗಿಯುವವರೆಗೆ ಅವರು ನಮ್ಮನ್ನು ಎಬ್ಬಿಸಲಿಲ್ಲ.

ಬೋರಿನ ಮುಂದೆ ಹೇಳುವ ಕೆಲಸ ಕೊನೆಗೂ ಆಯಿತು, ಆದರೆ ನಾನು ಮಾಡಲಿಲ್ಲ. ಆ ವಾರವೇ ಒಬ್ಬಾಕೆ ಸೊಸೆಗೆ ಮತ್ತೆ ಮಾವಿನಕಾಯಿಯ ಮಾತು ತೆಗೆದಳು. ಅತ್ತೆ ಕೊಡವನ್ನು ಕೆಳಗಿಟ್ಟು, ಹತ್ತಿರ ಹೋಗಿ, ತನ್ನ ಕೆಳದುಟಿಯನ್ನು ಎರಡು ಬೆರಳಿನಿಂದ ಹೊರಕ್ಕೆ ಎಳೆದು ತೋರಿಸಿದಳು.

"ಇಲ್ಲಿ ನೋಡು. ಕಣ್ಣು ಬಿಟ್ಟು ನೋಡು. ಇಲ್ಲಿಂದ ಬಂದೈತಿ. ಇನ್ನೊಮ್ಮೆ ಗ್ರಹಣ ಅಂದ್ರ ನಿನ್ನ ಬಾಯಿಗೆ ಗ್ರಹಣ ಹಿಡಸ್ತೀನಿ."

ಗುಳಿ ಇದ್ದವರ ಮಾತು ಸಿಹಿ ಎಂದು ಯಾರು ಹೇಳಿದರೋ ಎಂದು ಒಬ್ಬ ಮುದುಕಿ ನಕ್ಕಳು. ಅತ್ತೆಯೂ ನಕ್ಕಳು. ಆಮೇಲೆ ಆ ಮಾತು ಅಲ್ಲಿ ಬರಲಿಲ್ಲ.

ಸೊಸೆ ಉಣ್ಣತೊಡಗಿದಳು. ಅತ್ತೆ ಕೊಬ್ಬರಿ, ಅಳವಿ ಬೀಜ ಹಾಕಿ ಅಂಟಿನುಂಡೆ ಮಾಡಿ ಎದುರಿಗೆ ಕೂತು ತಿನ್ನಿಸಿದಳು. ಹಾಲು ಒಮ್ಮೆಲೇ ತಿರುಗಿ ಬರಲಿಲ್ಲ. ಕಡಿಮೆ ಬಿದ್ದದ್ದಕ್ಕೆ ಡಾಕ್ಟರು ಹೇಳಿದ ಪುಡಿಹಾಲು ಕೂಡಿಸಿದೆವು. ಈಗ ಇಬ್ಬರೂ ಸರದಿಯ ಮೇಲೆ ಕೂತರು. ಅತ್ತೆಯ ಕೈ ಸೊಸೆಗಿಂತ ನಿಧಾನ, ಆದ್ದರಿಂದ ಆಕೆ ಹಾಕಿದ ಹಾಲು ಮೂಗಿಗೆ ಬರುವುದೇ ಕಡಿಮೆಯಾಯಿತು. ತಕ್ಕಡಿಯ ಮುಳ್ಳು ಕದಲಿತು.

ರಕ್ತದ ಪರೀಕ್ಷೆಯೂ ಬಂತು. ಡಾಕ್ಟರಮ್ಮ ಹೇಳಿದಂತೆ, ದನಿ ಬಿದ್ದದ್ದು ಆ ಆರನೆಯ ಮುಕಾದಮನದೇ. ಮುಂದಿನ ಕೂಸಿಗೂ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ, ಅದು ಗುಳಿಯಷ್ಟೇ ಇರಬಹುದು, ಸೀಳೂ ಇರಬಹುದು, ಮುಂಚೆಯೇ ಬಂದು ಕಾಣಿರಿ ಎಂದರು. ಗಂಡ ಹೆಂಡತಿ ಕೇಳಿಸಿಕೊಂಡರು. ಗೊತ್ತಿದ್ದು ಹೆದರುವುದಕ್ಕೂ ಗೊತ್ತಿಲ್ಲದೆ ಹೆದರುವುದಕ್ಕೂ ಬಹಳ ಅಂತರವಿದೆ.

ಆಪರೇಶನ್ ಒಮ್ಮೆ ಮುಂದೆ ಹೋಯಿತು. ಎಲ್ಲ ತಯಾರಾಗಿ ಹೋದ ದಿನ ಕೂಸಿಗೆ ನೆಗಡಿ, ವಾಪಸ್ ಕಳಿಸಿದರು. ಎರಡನೆಯ ಸಲ ಒಳಗೆ ತೆಗೆದುಕೊಂಡರು. ಬಾಗಿಲು ಮುಚ್ಚಿದ ಮೇಲೆ ಸೊಸೆ ಗಂಡನ ಹತ್ತಿರ ಹೋಗಿ ಕೂತಳು, ಅತ್ತೆ ನನ್ನ ಹತ್ತಿರ. "ನನ್ನ ಆ ಹೆಣ್ಣುಕೂಸು ಹೆಸರಿಡೂಕಿಂತ ಮೊದಲ ಹೋತು ತಂಗಿ. ಮನಸಿನ್ಯಾಗ ಒಂದು ಹೆಸರು ಇಟ್ಟಿದ್ನಿ. ಎಲ್ಲಾರ ಮುಂದೂ 'ಅದು' ಅಂತನ ಅಂದೀನಿ" ಎಂದಳು. ಯಾವ ಹೆಸರು ಎಂದು ನಾನು ಕೇಳಲಿಲ್ಲ. ಆಕೆಯ ಕೈ ಹಿಡಿದುಕೊಂಡು ಕೂತೆ.

ಹೊರಗೆ ತಂದಾಗ ಕೂಸಿನ ತುಟಿಯ ಮೇಲೆ ಸಣ್ಣ ಕಪ್ಪು ಹೊಲಿಗೆಗಳಿದ್ದವು. ಕೈ ಬಾಯಿಗೆ ಹೋಗದಂತೆ ಎರಡೂ ತೋಳಿಗೆ ಮಡಚದ ಪಟ್ಟಿ ಕಟ್ಟಿದ್ದರು. ಸೊಸೆಗೆ ಗುರುತೇ ಹತ್ತಲಿಲ್ಲ, ಸೀಳಿದ ಮುಖದ ಮೇಲೆ ಆಕೆಯ ಪ್ರೀತಿ ಕೂತುಬಿಟ್ಟಿತ್ತು. ಹೊಲಿಗೆಯನ್ನು ದಿನಾ ಹತ್ತಿಯಿಂದ ಒರೆಸಿ, ಮುಲಾಮು ಹಚ್ಚಿ, ತೋಳಿನ ಪಟ್ಟಿ ಸಡಿಲಾಗದಂತೆ ನೋಡಿಕೊಂಡವಳು ಅತ್ತೆ. ಅಂಗುಳದ ಆಪರೇಶನ್ ವರ್ಷ ತುಂಬಿದ ಮೇಲೆ ಆಯಿತು, ಅದೂ ಚೆನ್ನಾಗಿ ಆಯಿತು. ನರ್ಸಮ್ಮ, ಡಾಕ್ಟರಮ್ಮ, ತಕ್ಕಡಿ ಹಿಡಿದ ಅಂಗನವಾಡಿಯವರು, ನೆಗಡಿಯ ಕೂಸನ್ನು ಎದೆಗೆ ಒತ್ತಿಕೊಂಡು ಕೂಡಲು ಸೀಟು ಬಿಟ್ಟುಕೊಟ್ಟ ಬಸ್ಸಿನ ಜನ, ಎಷ್ಟು ಮಂದಿಯ ಕೈ ಆ ಒಂದು ತುಟಿಗೆ ಹತ್ತಿತ್ತೋ. ನೆನೆದಾಗಲೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅಂಗುಳದ ಆಪರೇಶನ್ನಿಗಿಂತ ಮೊದಲೇ, ತುಟಿ ಮಾದ ಮೇಲೆ, ಅಲ್ಲಿಯವರೆಗೆ ತಡೆದಿದ್ದ ಕಾರ್ಯ ಮಾಡಿ, ತೊಟ್ಟಿಲಿಗೆ ಹಾಕಿ ಹೆಸರಿಟ್ಟರು. ಇಂಥ ಕಾರ್ಯದಲ್ಲಿ ನಾನು, ನಿಮ್ಮ ಅಜ್ಜ ತೀರಿಕೊಂಡಾಗಿನಿಂದ, ಬಾಗಿಲ ಹತ್ತಿರ ನಿಲ್ಲುವವಳು. ಅಲ್ಲಿಂದಲೇ ಎಲ್ಲ ಕಾಣಿಸಿತು. ಹೆಸರನ್ನು ಮೊದಲು ಕೂಸಿನ ಕಿವಿಯಲ್ಲಿ 'ಕುರ್‌ರ್‌' ಎಂದು ಕೂಗಿ ಹೇಳುವವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ಆಕೆ ಬಗ್ಗಿದಾಗ ಉಳಿದವರು ಆಕೆಯ ಬೆನ್ನಿಗೆ ಗುದ್ದಿ ಚೇಷ್ಟೆ ಮಾಡಬೇಕು.

"ಸೋದರತ್ತಿ ಯಾರವಾ? ಕೂಸಿನ ಅಪ್ಪಗ ಅಕ್ಕ ತಂಗಿ ಇಲ್ಲ. ಕಾಕಾನ ಮಗಳನ್ನ ಕರೀರಿ" ಎಂದಳು ಒಬ್ಬಾಕೆ.

"ಯಾಕ ಇಲ್ಲ? ಇದ್ದಳು" ಎಂದಳು ಅತ್ತೆ. "ಇವರಪ್ಪಗ ಒಬ್ಬಾಕಿ ಅಕ್ಕ ಇದ್ದಳು. ಆಕಿ ಪರವಾಗಿ ನಾ ಕೂಗ್ತೀನಿ."

ಆಕೆ ತೊಟ್ಟಿಲ ಮೇಲೆ ಬಗ್ಗಿದಳು. "ಕುರ್‌ರ್‌" ಎಂದು ಮೊದಲು ಒಂದು ಹೆಸರು ಹೇಳಿದಳು, ಅದು ಕೂಸಿಗೆ ಮಾತ್ರ ಕೇಳಿಸಿತು. ಆಮೇಲೆ ಮತ್ತೆ "ಕುರ್‌ರ್‌" ಎಂದು ಕೂಸಿನ ಹೆಸರು. ಹಿರಿಯ ಹೆಂಗಸಿನ ಬೆನ್ನಿಗೆ ಗುದ್ದುವುದು ಹೇಗೆಂದು ಎಲ್ಲರೂ ಕೈ ಹಿಡಿದುಕೊಂಡು ನಿಂತಿದ್ದಾಗ, ಸೊಸೆಯೇ ಬಂದು ಮೊದಲ ಗುದ್ದು ಹಾಕಿದಳು. ಆಮೇಲೆ ಯಾರು ಕೇಳುತ್ತಾರೆ? ನಗುವೋ ನಗು. ಗುದ್ದು ತಿನ್ನುತ್ತಲೇ ಅತ್ತೆ ಮತ್ತೊಮ್ಮೆ ಆ ಮಗಳ ಹೆಸರು ಕೂಗಿದಳು, ಈ ಸಲ ಬಾಗಿಲಲ್ಲಿ ನಿಂತ ನನಗೂ ಕೇಳುವ ಹಾಗೆ.